ಎರಡು ಸೀಟಿನ ಕಾರು, ಬ್ರೇಕಿನ ಎಣ್ಣೆ

ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಮರುವರ್ಷವೇ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಕೊಂಡ ಹೆಂಗಸು ರಾಯದುರ್ಗದಲ್ಲಿ ನಾನೊಬ್ಬಳೇ ಇರಬೇಕು. ಬಳ್ಳಾರಿಯ ಡಾಕ್ಟರೊಬ್ಬರು ವರ್ಷಗಟ್ಟಲೆ ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ ಹಳೆಯ ಗಾಡಿ ಅದು. ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಮೇಲಿನ ಹೊದಿಕೆಯನ್ನು ಹಿಂದಕ್ಕೆ ಮಡಚಿದರೆ ತಲೆಯ ಮೇಲೆ ಬರೀ ಆಕಾಶ. ಭೈರವಾನಿತಿಪ್ಪ ಡ್ಯಾಮಿನ ಕಡೆಯ ಹೈಸ್ಕೂಲಿಗೆ ವಿಜ್ಞಾನ ಪಾಠ ಮಾಡಲು ಇಪ್ಪತ್ತು ವರ್ಷ ಬಸ್ಸಿನ ಕಂಬಿ ಹಿಡಿದು ನಿಂತು ಹೋಗಿಬಂದವಳು ನಾನು. ಆ ಗಾಡಿಯನ್ನು ನೋಡಿದ ಮೇಲೆ ಬೇರೆ ಯಾವ ಕಾರೂ ಕಣ್ಣಿಗೆ ಹತ್ತಲಿಲ್ಲ.

ನಮ್ಮ ಯಜಮಾನರು ಆರಡಿ ಎತ್ತರದ ಮನುಷ್ಯ. ಒಂದೇ ಒಂದು ಸಲ ಅದರಲ್ಲಿ ಕೂತರು. ಇಳಿಯುವಾಗ ಎರಡೂ ಕೈ ಹಿಡಿದು ಎಳೆಯಬೇಕಾಯಿತು. "ಇನ್ನ ಇದಕ್ಕೂ ನಂಗೂ ಸಂಬಂಧ ಇಲ್ಲ ನೋಡು" ಎಂದವರೇ ಕಲ್ಯಾಣದುರ್ಗದ ಆಫೀಸಿಗೆ ಎಂದಿನಂತೆ ಬಸ್ಸು ಹತ್ತಿದರು. ಹೀಗಾಗಿ ಎರಡನೇ ಸೀಟು ನಮ್ಮತ್ತೆಯ ಪಾಲಿಗೆ ಬಂತು. ಅತ್ತೆಗೆ ಎಪ್ಪತ್ತು ದಾಟಿದೆ. ಗಿಡ್ಡ ಆಳು, ಹಗುರ ಮೈ. ಸೆರಗನ್ನು ಕಿವಿಯ ಮೇಲಿಂದ ಬಿಗಿಯಾಗಿ ಸುತ್ತಿಕೊಂಡು ಕೂತು "ಹ್ಞೂಂ, ನಡಿ ಯಮ್ಮಾ" ಎಂದರೆ ಹೊರಟೆವು ಎಂದು ಅರ್ಥ. ಕಣ್ಣಿನ ಡಾಕ್ಟರ ಹತ್ತಿರವಾಗಲಿ, ಸಂತೆಗಾಗಲಿ, ನಾವಿಬ್ಬರೇ ಹೋಗುತ್ತಿದ್ದೆವು. ಜನ ನಿಂತು ನೋಡುತ್ತಿದ್ದರು. ಅತ್ತೆಗೆ ಅದು ಇಷ್ಟ.

ಊರಲ್ಲಿ ಆ ಕಾರಿಗೆ ಕೈ ಹಾಕುವ ಧೈರ್ಯವಿದ್ದದ್ದು ಒಬ್ಬ ಮೇಸ್ತ್ರಿಗೆ ಮಾತ್ರ. ಜೀನ್ಸ್ ಹೊಲಿಯುವ ಶೆಡ್ಡುಗಳ ಸಾಲು ಮುಗಿದ ಮೇಲೆ, ಬಳ್ಳಾರಿ ರಸ್ತೆಯ ಬದಿಗೆ ಅವರ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅರವತ್ತರ ಹತ್ತಿರದ ವಯಸ್ಸು. ಮಾತು ಕಮ್ಮಿ. ಬಾನೆಟ್ ಎತ್ತಿದರೆ ಮೊದಲು ಐದು ನಿಮಿಷ ಸುಮ್ಮನೆ ನೋಡುವರು, ಆಮೇಲೇ ಸ್ಪ್ಯಾನರ್ ಹಿಡಿಯುವರು. ಆ ವರ್ಷ ಬೇಸಿಗೆ ಶುರುವಾಗುವ ಮುಂಚೆ ಬ್ರೇಕುಗಳನ್ನು ಬಿಚ್ಚಿ ಸವೆದದ್ದನ್ನೆಲ್ಲ ಬದಲಿಸಿ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು.

"ಟೀಚರಮ್ಮ, ಮಾಸ್ಟರ್ ಸಿಲಿಂಡರ್ ಹಳೇದಾಗೈತ್ರಿ. ಸ್ವಲ್ಪ ಬೆವರ್ತೈತಿ. ಈಗೇನೂ ಭಯ ಇಲ್ಲ. ಎಣ್ಣಿ ಗೆರಿಕ್ಕಿಂತ ಕೆಳಗ ಇಳಿದ್ರ ಮಾತ್ರ ನನ್ನ ಹತ್ರ ತರ್ರಿ. ನೀವು ಏನೂ ಹಾಕಾಕ ಹೋಗಬ್ಯಾಡ್ರಿ."

ಮಾಸ್ಟರ್ ಸಿಲಿಂಡರ್ ಎಂದರೆ ಪಿಚಕಾರಿಯಂಥ ಒಂದು ಕೊಳವೆ. ಪೆಡಲ್ ತುಳಿದಾಗ ಒಳಗಿನ ಎಣ್ಣೆಯನ್ನು ಸಣ್ಣ ಪೈಪುಗಳ ಮೂಲಕ ನಾಲ್ಕು ಚಕ್ರಗಳಿಗೂ ದೂಡುವುದು ಅದೇ. ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ವರ್ಷಾ ವರ್ಷಾ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಅದರ ಚಿತ್ರ ಬರೆದು, ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಕೆಯಾಗುತ್ತದೆ ಎಂದು ಬಾಯಿಪಾಠ ಮಾಡಿಸುತ್ತಿದ್ದವಳು ನಾನು.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಶಾಲೆಗೆ ಹೊರಡುವಾಗ ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿ ಬ್ರೇಕಿನ ಎಣ್ಣೆ ಗೆರೆಯಿಂದ ಅರ್ಧ ಬೆರಳು ಇಳಿದಿತ್ತು. ಮೇಸ್ತ್ರಿಯ ಅಂಗಡಿಗೆ ಹೋದರೆ ಮೊದಲ ಪೀರಿಯಡ್ ತಪ್ಪುತ್ತದೆ. ಮನೆಯ ಅಟ್ಟದಲ್ಲಿ ಯಜಮಾನರು ಎಂದೋ ಮಾರಿದ ಜೀಪಿಗೆಂದು ತಂದು ಉಳಿದಿದ್ದ ಸ್ಟೀರಿಂಗ್ ಎಣ್ಣೆಯ ಬಾಟಲಿ ಇತ್ತು. ನೋಡಲು ಅದೂ ಹಳದಿಯೇ. ಒತ್ತಡ ಸಾಗಿಸುವುದು ತಾನೇ ಕೆಲಸ, ಯಾವ ದ್ರವವಾದರೇನು ಎಂದುಕೊಂಡೆ. ಗೆರೆಯವರೆಗೆ ಸುರಿದು, ಮುಚ್ಚಳ ತಿರುಗಿಸಿ, ಕೈ ತೊಳೆದು ಶಾಲೆಗೆ ಹೋದೆ. ಸಂಜೆಯ ಹೊತ್ತಿಗೆ ಮರೆತೂ ಬಿಟ್ಟೆ.

ನನ್ನ ತವರು ಮಡಕಶಿರಾ ಕಡೆ. ಅಕ್ಕನನ್ನು ಅಲ್ಲೇ ಗುಡಿಬಂಡೆಗೆ ಕೊಟ್ಟಿದೆ. ಅವಳು ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದಾಳೆ ಎಂದು ಫೋನ್ ಬಂತು. ನಮ್ಮತ್ತೆಗೂ ಅಕ್ಕನಿಗೂ ನನಗಿಂತ ಹೆಚ್ಚು ಸಲಿಗೆ. ಅತ್ತೆ ಎರಡು ದಿನ ಕೂತು ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದರು. ಶಾಲೆಗೆ ರಜೆಯಿದ್ದ ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟೆವು.

ಕಲ್ಯಾಣದುರ್ಗದವರೆಗೆ ಏನೂ ಇಲ್ಲ. ಕುಂದುರ್ಪಿ ಹತ್ತಿರ ಬಸ್ಸೊಂದು ಅಡ್ಡ ಬಂದಾಗ ಬ್ರೇಕ್ ತುಳಿದರೆ ಪೆಡಲ್ ಎಂದಿಗಿಂತ ಆಳಕ್ಕೆ ಹೋಯಿತು. ಬಿಟ್ಟು ಇನ್ನೊಮ್ಮೆ ತುಳಿದೆ, ಗಟ್ಟಿಯಾಯಿತು. ಅಲ್ಲೇ ನಿಲ್ಲಿಸಬೇಕಾಗಿತ್ತು. ಅಕ್ಕನ ಮನೆ ಇನ್ನೇನು ಬಂತು, ಅಲ್ಲಿ ಹೋಗಿ ನೋಡಿಸಿದರಾಯಿತು ಎಂದು ಮುಂದೆ ಸಾಗಿದೆ. ಅತ್ತೆಗೆ ಹೇಳಲಿಲ್ಲ.

ಅಮರಾಪುರ ದಾಟಿ ಗುಡಿಬಂಡೆಯ ದಿಕ್ಕಿಗೆ ತಿರುಗಿದ ಮೇಲೆ ರಸ್ತೆ ಒಂದು ಕಡೆ ಉದ್ದಕ್ಕೆ ಇಳಿಯುತ್ತದೆ. ಇಳಿಜಾರಿನ ಬುಡದಲ್ಲಿ ಕುರಿ ಹಿಂಡೊಂದು ರಸ್ತೆ ದಾಟುತ್ತಿತ್ತು. ದೂರದಿಂದಲೇ ಕಂಡಿತ್ತು. ಬ್ರೇಕ್ ತುಳಿದೆ. ಕಾಲು ಕೆಸರಿನಲ್ಲಿ ಇಳಿದ ಹಾಗೆ ಪೆಡಲ್ ನೆಲದವರೆಗೂ ಹೋಯಿತು. ಮತ್ತೆ ತುಳಿದೆ. ಮತ್ತೆ. ಏನೂ ಇಲ್ಲ. ಕಾರು ಇನ್ನೂ ವೇಗ ತಗೊಳ್ಳುತ್ತಿತ್ತು.

"ಅತ್ತೆ, ಗಟ್ಟಿಯಾಗಿ ಹಿಡ್ಕಳಿ!" ಎಂದದ್ದು ನೆನಪಿದೆ. ಎಡಗೈ ತಾನಾಗಿ ಗೇರನ್ನು ಕೆಳಕ್ಕೆ ಎಳೆಯಿತು. ಇಂಜಿನ್ ಒಮ್ಮೆಲೇ ಕಿರುಚಿತು. ಹಾರ್ನ್ ಒತ್ತಿ ಹಿಡಿದು ಇನ್ನೊಂದು ಗೇರ್ ಇಳಿಸಿದೆ. ಕುರಿಗಳು ಹಾರ್ನಿಗೆ ಬೆದರಿ ಪಕ್ಕಕ್ಕೆ ಹೋಗುವುದು ಬಿಟ್ಟು ನಡುರಸ್ತೆಯಲ್ಲೇ ಒಂದಕ್ಕೊಂದು ಒತ್ತಿಕೊಂಡು ನಿಂತವು. ಕುರಿ ಕಾಯುವವನು ಕೋಲೆತ್ತಿ "ಆಪು! ಆಪು!", ನಿಲ್ಲಿಸು ಎಂದು ತೆಲುಗಿನಲ್ಲಿ ಕೂಗುತ್ತಾ ಎದುರಿಗೇ ಓಡಿಬರುತ್ತಿದ್ದ. ಎಡಕ್ಕೆ ಪೈಪ್‌ಲೈನಿಗೆ ಅಗೆದು ಹಾಕಿದ ಮಣ್ಣಿನ ಗುಡ್ಡೆ ಕಂಡಿತು. ಹ್ಯಾಂಡ್ ಬ್ರೇಕನ್ನು ಮೇಲೆಳೆದು ಸ್ಟೀರಿಂಗನ್ನು ಆ ಕಡೆಗೆ ತಿರುಗಿಸಿದೆ. ಕಾರಿನ ಹಿಂಭಾಗ ಜಾರಿತು, ಮೂತಿ ಮಣ್ಣಿಗೆ ನುಗ್ಗಿತು, ಒಂದು ದೊಡ್ಡ ಕುಲುಕು. ಆಮೇಲೆ ಧೂಳು, ಆಮೇಲೆ ಕುರಿಗಳ ಕೂಗು.

ಅತ್ತೆ ಕಣ್ಣು ಮುಚ್ಚಿಕೊಂಡು ಹೋಳಿಗೆ ಡಬ್ಬಿಯನ್ನು ಎದೆಗೆ ಅವಚಿ ಹಿಡಿದಿದ್ದರು.

"ನಿಂತೈತೇನು?" ಎಂದರು.

"ನಿಂತಿದೆ ಅತ್ತೆ. ನಿಮಗೆ ಏನಾದ್ರೂ ಏಟಾಯ್ತಾ?"

"ನಂಗೇನಾಗೈತಿ? ಕುರಿ ನೋಡು ಹೋಗು ಮೊದಲ."

ಇಳಿದೆ. ಮುಂದಿನ ಚಕ್ರಕ್ಕೂ ಮಣ್ಣಿಗೂ ನಡುವೆ ಒಂದು ಮರಿ ಸಿಕ್ಕಿಕೊಂಡು ಅರಚುತ್ತಿತ್ತು. ಕುರಿಯವನು ನನ್ನನ್ನು ಪಕ್ಕಕ್ಕೆ ತಳ್ಳಿ, ಮಂಡಿಯೂರಿ, ಎರಡೂ ಕೈಯಿಂದ ಮಣ್ಣು ಬಗೆದು ಅದನ್ನು ಈಚೆಗೆಳೆದ. ಕಾಲು ಮುಟ್ಟಿ ನೋಡಿದ, ಪಕ್ಕೆ ಸವರಿ ನೋಡಿದ, ನೆಲಕ್ಕೆ ಬಿಟ್ಟ. ಮರಿ ಒಂದು ಸಲ ಮೈ ಕೊಡವಿಕೊಂಡು ತಾಯಿಯನ್ನು ಹುಡುಕಿಕೊಂಡು ಓಡಿತು. ಅದು ಓಡಿದ್ದನ್ನು ಕಂಡ ಮೇಲೆಯೇ ನನಗೆ ಅಳು ಬಂದದ್ದು. ರಸ್ತೆಯ ಮೇಲೇ ಕೂತೆ. ಹಿಂಡಿನ ಹಿಂದೆ ಬರುತ್ತಿದ್ದ ಕುರಿಯವನ ಹೆಂಡತಿ ತಮ್ಮ ನೀರಿನ ಬಾಟಲಿ ತಂದು "ನೀಳ್ಳು ತಾಗಮ್ಮಾ" ಎಂದಳು. ಅತ್ತೆ ಕನ್ನಡದಲ್ಲಿ ಏನೋ ಗೊಣಗಿದ್ದು ಕೇಳಿ ಅವಳೂ ಕನ್ನಡಕ್ಕೆ ತಿರುಗಿದಳು: "ಯಾರ್ಗೂ ಏನೂ ಆಗಿಲ್ಲ ಬುಡಿ. ಯಾಕ್ ಅಳ್ತೀರಿ?" ಅತ್ತೆ ಡಬ್ಬಿ ತೆಗೆದು ಅವರಿಬ್ಬರಿಗೂ ಹೋಳಿಗೆ ಕೊಟ್ಟರು.

ಅಳು ನಿಂತ ಮೇಲೆ ಸಿಟ್ಟು ಬಂತು. ತಿಂಗಳ ಹಿಂದೆ ತಾನೇ ಬ್ರೇಕ್ ಮಾಡಿಸಿದ್ದೆ! ಅಲ್ಲೇ ನಿಂತು ರಾಯದುರ್ಗದ ಮೇಸ್ತ್ರಿಗೆ ಫೋನ್ ಮಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. "ನಮ್ಮಿಬ್ಬರನ್ನೂ ಸಾಯಿಸೋಕೆ ಹೊರಟಿದ್ರಿ" ಎಂದದ್ದು ನೆನಪಿದೆ.

ಅವರು, "ಯಾರಿಗೂ ಏನೂ ಆಗಿಲ್ಲಲ್ರಿ? ಅಮ್ಮಾರು ಆರಾಮ ಅದಾರೇನ್ರಿ?" ಎಂದರು.

"ಆಗಿಲ್ಲ. ಆಗಿದ್ರೆ?"

"ಪೆಡಲ್ ಒಮ್ಮೆಲೆ ಹೋತೋ, ಮೆಲ್ಲಕ ಇಳೀತೋ?"

"ಅದನ್ನೆಲ್ಲ ನಿಮಗೆ ಹೇಳ್ತಾ ಕೂತ್ಕೋಬೇಕಾ ನಾನು? ಸಾಕು, ಇಡಿ" ಎಂದು ನಾನೇ ಕತ್ತರಿಸಿದೆ. ಅದೇ ಬಿಸಿಯಲ್ಲಿ ಯಜಮಾನರಿಗೂ ಫೋನ್ ಮಾಡಿ, ಇಂಥ ಮೇಸ್ತ್ರಿಯನ್ನು ನಂಬಿ ಕೆಟ್ಟೆ ಎಂದೆ. ಅಕ್ಕನ ಮನೆಗೂ ತಿಳಿಸಿದೆ. ಭಾವ ಟ್ರಾಕ್ಟರ್ ತಂದು, ಹಗ್ಗ ಕಟ್ಟಿ, ನಮ್ಮ ಕಾರನ್ನು ನಿಧಾನವಾಗಿ ಗುಡಿಬಂಡೆಯ ಮನೆಯ ಅಂಗಳಕ್ಕೆ ಎಳೆದು ತಂದರು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅಕ್ಕನಿಗೆ ನಾನು ಮೂರು ಸಲ ಆ ಕಥೆ ಹೇಳಿದೆ. ಮೂರು ಸಲವೂ ಅಕ್ಕ ಮೇಸ್ತ್ರಿಯ ಏಳು ತಲೆಮಾರನ್ನೂ ಬೈದಳು.

ಮರುದಿನ ಭಾನುವಾರ. ಹತ್ತು ಗಂಟೆಗೆ ಮನೆಯ ಮುಂದೆ ಆಟೋ ನಿಂತಿತು. ಇಳಿದದ್ದು ಮೇಸ್ತ್ರಿ. ಒಂದು ಕೈಯಲ್ಲಿ ಸ್ಪ್ಯಾನರುಗಳ ಚೀಲ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಹೊಸ ಮಾಸ್ಟರ್ ಸಿಲಿಂಡರ್. ಹಿಂದಿನ ದಿನವೇ ಬಳ್ಳಾರಿಯ ಅಂಗಡಿಗೆ ಫೋನ್ ಮಾಡಿ, ಸಂಜೆ ಬಸ್ಸಿಗೆ ಹಾಕಿಸಿಕೊಂಡು, ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದಿದ್ದರು. ನಾನು ಕರೆದಿರಲಿಲ್ಲ. ವಿಳಾಸವನ್ನು ನಮ್ಮ ಯಜಮಾನರ ಹತ್ತಿರ ಕೇಳಿದರಂತೆ.

"ಏನಪ್ಪಾ, ಬಂದಾ? ಜನ ಸಾಯ್ಸೋ ಹಂಗೇನಾ ರಿಪೇರಿ ಮಾಡಾದು?" ಅಕ್ಕ ಮಂಚದಿಂದಲೇ ಶುರು ಮಾಡಿದಳು. "ನನ್ ತಂಗಿ ಹೋಗಿದ್ರೆ ತಂದ್ಕೊಡ್ತಿದ್ದಾ?"

ಅವರು ನೇರ ಅತ್ತೆಯ ಮುಂದೆ ಹೋಗಿ ನಿಂತು, "ಅಮ್ಮಾ, ಆರಾಮ ಅದೀರೇನ್ರಿ?" ಎಂದು ಕೇಳಿದರು. ಅತ್ತೆ ತಲೆಯಾಡಿಸಿದ ಮೇಲೆ ಕಾರಿನ ಹತ್ತಿರ ಹೋದರು. ರಾತ್ರಿ ನಿದ್ದೆ ಮಾಡಿರಲಿಲ್ಲ ಎಂಬುದು ಕಣ್ಣು ನೋಡಿದರೇ ತಿಳಿಯುತ್ತಿತ್ತು.

ಎಂದಿನಂತೆ ಬಾನೆಟ್ ಎತ್ತಿ ನೋಡುತ್ತಾ ನಿಂತರು. ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿದರು. ಮೂಗಿನ ಹತ್ತಿರ ಹಿಡಿದರು. ಬೆರಳದ್ದಿ ಹೆಬ್ಬೆರಳಿಗೆ ಉಜ್ಜಿ ನೋಡಿದರು. ನಾನು ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದೆ. ಅಟ್ಟದ ಮೇಲಿನ ಬಾಟಲಿ ಆಗ ನೆನಪಾಯಿತು.

ಪೈಪು ಬಿಚ್ಚಿ, ನಟ್ಟು ಬಿಚ್ಚಿ, ಹಳೇ ಸಿಲಿಂಡರನ್ನು ಹೊರಕ್ಕೆ ತೆಗೆದರು. ಹಾಳೆಯ ಮೇಲೆ ಅದರ ಒಳಗಿನ ಕಡ್ಡಿಯನ್ನು ಎಳೆದಿಟ್ಟರು. ಅದರ ಮೇಲಿನ ರಬ್ಬರ್ ಬಟ್ಟಲುಗಳು ನೀರಲ್ಲಿ ನೆನೆದ ಕಡಲೆಯ ಹಾಗೆ ಊದಿಕೊಂಡಿದ್ದವು. ಒಂದರ ಅಂಚು ಹರಿದಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಒಂದು ಕ್ಷಣ, ಅಷ್ಟೇ.

"ಏನಂತೆ?" ಅಕ್ಕ ಕೂಗಿದಳು.

"ರಬ್ಬರ್ ಉಬ್ಬ್ಯಾವ್ರಿ. ಹಳೇವು" ಎಂದರು ಮೇಸ್ತ್ರಿ.

ಅಲ್ಲಿಯೇ ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಹತ್ತನೇ ತರಗತಿಗೆ ಇದೇ ಪಾಠ ಮಾಡುವ ಟೀಚರು ನಾನು, ಅಕ್ಕನ ಮುಂದೆ, ಅತ್ತೆಯ ಮುಂದೆ, ಹಾಗೆ ನಿಂತೇ ಇದ್ದೆ.

"ಸಿಲಿಂಡರ್ ಒಂದು ಬದಲಿಸಿದ್ರ ಸಾಲದ್ರಿ" ಎಂದರು. "ಆ ಎಣ್ಣಿ ಎಲ್ಲೆಲ್ಲಿ ಹೋಗೈತೋ ಅಲ್ಲಿ ರಬ್ಬರ್ ಎಲ್ಲಾ ತೆಗೀಬೇಕು. ನಾಕೂ ಚಕ್ರದ್ದು. ಮಡಕಶಿರಾದಾಗ ಸಿಗ್ತಾವೇನ್ರಿ?"

ಚಕ್ರಗಳನ್ನು ಬಿಚ್ಚಿ ಹಳೇ ರಬ್ಬರುಗಳನ್ನೂ ತೆಗೆದುಕೊಂಡರು. ಅಂಗಡಿ ತೋರಿಸಲು ನಾನೂ ಆಟೋದಲ್ಲಿ ಅವರ ಜೊತೆ ಹೋದೆ. ದಾರಿಯುದ್ದಕ್ಕೂ ಆಟೋ ಡ್ರೈವರ್ ಒಬ್ಬನೇ ತೆಲುಗಿನಲ್ಲೂ ಕನ್ನಡದಲ್ಲೂ ಫೋನಿನೊಳಗೆ ಯಾರ ಜೊತೆಗೋ ಮಾತಾಡುತ್ತಿದ್ದ. ಮಡಕಶಿರಾ ಬಸ್ ಸ್ಟ್ಯಾಂಡಿನ ಆಚೆ, ಭಾನುವಾರವೂ ಅರ್ಧ ಶಟರ್ ಎತ್ತಿದ್ದ ಅಂಗಡಿಯಲ್ಲಿ ಮೇಸ್ತ್ರಿ ಹಳೇ ರಬ್ಬರುಗಳನ್ನು ಒಂದೊಂದಾಗಿ ಹೊಸದರ ಪಕ್ಕಕ್ಕಿಟ್ಟು ಅಳತೆ ನೋಡಿದರು. ಎರಡು ಸಿಗಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಸಿಕ್ಕವು. ಎಣ್ಣೆ ಕೊಳ್ಳುವಾಗ ಸೀಲ್ ಒಡೆಯದ ಬಾಟಲಿಯನ್ನೇ ಕೇಳಿದರು. ಅಂಗಡಿಯವನು ನನ್ನ ಕಡೆ ನೋಡಿ "ಬ್ರೇಕ್ ಆಯಿಲೇ ತಾನೇ ಮೇಡಂ?" ಎಂದ. ನಾನು ತಲೆ ತಗ್ಗಿಸಿದೆ.

ಮಧ್ಯಾಹ್ನ ಪೂರ್ತಿ ಕೆಲಸ ನಡೆಯಿತು. ಪೈಪುಗಳನ್ನೆಲ್ಲ ಸ್ಪಿರಿಟ್‌ನಲ್ಲಿ ತೊಳೆದು ಗಾಳಿ ಊದಿದರು. ಒಂದೊಂದೇ ಚಕ್ರಕ್ಕೆ ಹೊಸ ರಬ್ಬರ್ ಹಾಕಿದರು. ಹೊಸ ಸಿಲಿಂಡರನ್ನು ಭಾವನ ಟ್ರಾಕ್ಟರ್ ಶೆಡ್ಡಿನ ವೈಸ್ ಇಕ್ಕಳಕ್ಕೆ ಕಚ್ಚಿಸಿ, ಎಣ್ಣೆ ತುಂಬಿ, ಕಡ್ಡಿಯನ್ನು ಮೆಲ್ಲಗೆ ಒಳಕ್ಕೂ ಹೊರಕ್ಕೂ ಆಡಿಸಿ ಅದರೊಳಗಿನ ಗಾಳಿ ಬಿಡಿಸಿದರು. ಆಮೇಲೆ ಕಾರಿಗೆ ಕೂರಿಸಿದರು. ನಾಲ್ಕು ಹನಿ ಕಾರಿನ ಬಣ್ಣದ ಮೇಲೆ ಬಿದ್ದವು. ಕೂಡಲೇ ಚೊಂಬು ನೀರು ಹಾಕಿ ತೊಳೆದರು. "ಈ ಎಣ್ಣಿ ಬಣ್ಣ ತಿಂತೈತ್ರಿ" ಎಂದರು.

ಊಟ ಮಾಡಿ ಅಕ್ಕನೂ ಅತ್ತೆಯೂ ಒಳಗೆ ಮಲಗಿದ್ದರು. ಭಾವ ತೋಟಕ್ಕೆ ನೀರು ಬಿಡಲು ಹೋಗಿದ್ದರು. ಇನ್ನು ಉಳಿದದ್ದು ಪೈಪುಗಳಿಂದ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ, ಗಾಳಿಯನ್ನು ಎಣ್ಣೆಯ ಜೊತೆ ನಳಿಕೆಯಿಂದ ಒಂದು ಬಾಟಲಿಗೆ ಬಿಟ್ಟು, ಮತ್ತೆ ಬಿಗಿಯಬೇಕು.

"ಟೀಚರಮ್ಮ, ನೀವು ಕುಂದ್ರಿ. ನಾ ಹೇಳೋ ತನಕ ಕಾಲು ಎತ್ತಬ್ಯಾಡ್ರಿ. ಎತ್ತಿದ್ರ ಮತ್ತ ಗಾಳಿ ಒಳಗ ಹೋಗ್ತೈತಿ" ಎಂದು ಎಡಗಡೆ ಹಿಂದಿನ ಚಕ್ರದ ಬಳಿ ಗೋಣಿಚೀಲ ಹಾಸಿ ಮಲಗಿದರು.

ನಾನು ಸೀಟಿನಲ್ಲಿ ಕೂತೆ. ಅವರು ನನಗೆ ಕಾಣುತ್ತಿರಲಿಲ್ಲ. ದನಿ ಮಾತ್ರ ಬರುತ್ತಿತ್ತು.

"ತುಳೀರಿ. ಬಿಡ್ರಿ. ತುಳೀರಿ. ಬಿಡ್ರಿ. ತುಳೀರಿ… ಹಿಡೀರಿ."

ಹಿಡಿದೆ. ಹಿಂದಿನಿಂದ ಗೊರಗೊರ ಸದ್ದು. ಕಾಲ ಕೆಳಗೆ ಪೆಡಲ್ ಮೆತ್ತಗಾಗಿ ಇಳಿಯಿತು. ಹಿಂದಿನ ದಿನದ ಇಳಿಜಾರು ಕಣ್ಣಿಗೆ ಬಂದು ಬೆವತೆ. ನಿಪ್ಪಲ್ ಬಿಗಿದ ಸದ್ದಾಯಿತು. "ಬಿಡ್ರಿ" ಎಂದರು.

ಎಷ್ಟು ಸಲವೋ ಲೆಕ್ಕವಿಲ್ಲ. ಮೊದಲ ಚಕ್ರ ಮುಗಿಯಿತು, ಬಲಗಡೆಗೆ ಹೋದರು. ಅಲ್ಲಿಯೂ ಅದೇ. ಮುಂದಿನ ಎಡಚಕ್ರಕ್ಕೆ ಬಂದಾಗ ಅವರ ತಲೆ ನನ್ನಿಂದ ಒಂದು ಮಾರು ದೂರವೂ ಇರಲಿಲ್ಲ. "ಹಿಡೀರಿ" ಎಂದರು. ಹಿಡಿದೆ. ಕಾಲು ಎತ್ತುವಂತಿಲ್ಲ, ಎದ್ದು ಹೋಗುವಂತಿಲ್ಲ, ಅವರ ಮುಖ ಕಾಣುವುದಿಲ್ಲ. ಆಗ ಹೇಳಿದೆ.

"ಮೇಸ್ತ್ರಿ, ನಾನೇ ಬೇರೆ ಎಣ್ಣೆ ಹಾಕಿದ್ದು. ಸ್ಟೀರಿಂಗ್‌ದು. ನೀವು ಹಾಕಬೇಡಿ ಅಂದಿದ್ರಿ."

ನಿಪ್ಪಲ್ ಬಿಗಿದ ಸದ್ದು ಬಂತು.

"ಬಿಡ್ರಿ" ಎಂದರು. ಆಮೇಲೆ, "ಗೊತ್ತಾತ್ರಿ. ಮುಚ್ಚಳ ತೆಗೆದ ಕೂಡಲೆ ವಾಸನಿ ಬಂತು. ಆ ಎಣ್ಣಿಗೆ ಬ್ರೇಕಿನ ರಬ್ಬರ್ ಉಬ್ತಾವ್ರಿ."

"ಮತ್ತೆ ಯಾಕೆ ಹೇಳಲಿಲ್ಲ? ಅಕ್ಕ ಅಷ್ಟೊಂದು ಬೈದ್ಲಲ್ಲ ನಿಮ್ಮನ್ನ?"

"ನಿಮ್ಮ ಅತ್ತಿಯವ್ರು ಇದ್ರಲ್ರಿ ಅಲ್ಲಿ."

ಅವರು ಗೋಣಿಚೀಲದ ಮೇಲೆ ಎದ್ದು ಕೂತರು. ಮುಖಕ್ಕೆ, ಗಡ್ಡಕ್ಕೆ ಎಣ್ಣೆ ಮೆತ್ತಿತ್ತು. ಆ ಮುಖದಲ್ಲಿ ನಾನು ಎಣಿಸಿದ್ದ ಸಿಟ್ಟು ಇರಲಿಲ್ಲ.

"ಒಂದು ಹೇಳ್ಲೇನ್ರಿ? ನಿನ್ನಿ ನಿಮ್ಮ ಫೋನ್ ಬಂದಾಗಿಂದ ನನಗ ಅನ್ನ ಇಳಿದಿಲ್ಲ. ಯಾವ ನಟ್ ಬಿಗೀಲಾರದ ಬಿಟ್ಟೆನೋ, ಆ ಸಿಲಿಂಡರ್ ಆವತ್ತ ಬದಲಿಸಬೇಕಿತ್ತೋ ಏನೋ ಅಂತ ಒಂದೊಂದ ನೆನಸ್ಕೊಂತ ಕುಂತಿದ್ದೆ. ಮೂವತ್ತೈದು ವರ್ಷದಾಗ ನನ್ನ ಕೈಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ. ಇವತ್ತ ಆ ರಬ್ಬರ್ ನೋಡಿದ್ನಲ್ರಿ, ಎದಿ ಮ್ಯಾಲಿನ ಕಲ್ಲು ಇಳಿದಂಗಾತು. ನನ್ನ ಕೈ ತಪ್ಪಿಲ್ಲ ಅಂತ ನನಗ ಗೊತ್ತಾತಲ್ಲ, ಸಾಕು. ಸಿಟ್ಟು ಯಾಕ ಬರ್ತೈತಿ?"

ಹೇಳಿ ಬಲಗಡೆ ಮುಂದಿನ ಚಕ್ರಕ್ಕೆ ಹೋದರು. "ತುಳೀರಿ" ಎಂದರು. ತುಳಿದೆ. ಕಣ್ಣು ಮಂಜಾಗಿತ್ತು, ಕಾಲು ಮಾತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು. ಬಾಟಲಿಯೊಳಗೆ ಗುಳ್ಳೆಯ ಸದ್ದು ನಿಂತಿತು. ಕೊನೆಯ ಸಲ "ಹಿಡೀರಿ" ಎಂದಾಗ ಪೆಡಲ್ ಅರ್ಧಕ್ಕೇ ನಿಂತು ಕಲ್ಲಿನಷ್ಟು ಗಟ್ಟಿಯಾಗಿತ್ತು. ಎಷ್ಟು ಒತ್ತಿದರೂ ಕೂದಲೆಳೆಯಷ್ಟೂ ಇಳಿಯಲಿಲ್ಲ. ಆ ಗಟ್ಟಿತನ ಅಂಗಾಲಿಂದ ಮೈಯೆಲ್ಲಾ ಹತ್ತಿದ ಹಾಗಾಗಿ ಜೋರಾಗಿ ಉಸಿರು ಬಿಟ್ಟೆ.

ಅತ್ತೆ ಎದ್ದು ಮುಖ ತೊಳೆದು ಬಂದು ಜಗಲಿಯ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಬಾಟಲಿಯ ವಿಷಯ, ಕುಂದುರ್ಪಿಯಲ್ಲೇ ಪೆಡಲ್ ಮೆತ್ತಗಾದದ್ದು, ಅವರಿಗೆ ಹೇಳದೆ ಮುಂದೆ ಬಂದದ್ದು. ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿದರು.

"ನಿನ್ನಿ ರಸ್ತೆದಾಗ ನಿಂತು ಸುತ್ತಲ ನಾಕೂರಿಗೆ ಕೇಳೋ ಹಂಗ ಬೈದೆಲ್ಲ ಆ ಮನಶ್ಯಾನ್ನ? ಇವತ್ಯಾಕ ಇಷ್ಟ ಮೆಲ್ಲಕ ಹೇಳ್ತಿ?"

ನಾನು ಎದ್ದು ನಿಂತೆ. ಒಳಗಿದ್ದ ಅಕ್ಕನಿಗೂ, ಕೈ ತೊಳೆಯುತ್ತಿದ್ದ ಮೇಸ್ತ್ರಿಗೂ ಕೇಳುವ ಹಾಗೆ, "ಅಕ್ಕಾ, ತಪ್ಪು ಮೇಸ್ತ್ರಿದಲ್ಲ. ನಂದು. ಬೇಡ ಅಂದಿದ್ರೂ ನಾನೇ ಬೇರೆ ಎಣ್ಣೆ ಸುರಿದಿದ್ದೆ" ಎಂದೆ.

ಅಕ್ಕ ಗೋಡೆ ಹಿಡಿದು, ಒಂಟಿ ಕಾಲಲ್ಲಿ ಕುಂಟುತ್ತಾ ಬಾಗಿಲಿಗೆ ಬಂದಳು. ನನ್ನ ಕಡೆ ನೋಡಲೇ ಇಲ್ಲ. "ಅಣ್ಣಾ, ಬೆಳಿಗ್ಗೆ ಏನೋ ಬಾಯಿಗ್ ಬಂದಂಗೆ ಅಂದ್ಬುಟ್ಟೆ. ಮನಸ್ಸಲ್ಲಿ ಮಡೀಕಬ್ಯಾಡ" ಎಂದಳು. ಮೇಸ್ತ್ರಿ ನಾಚಿಕೊಂಡು, "ಬಿಡ್ರಿ ಯಮ್ಮಾ, ನಿಮ್ಮ ಜಾಗದಾಗ ಇದ್ದಿದ್ರ ನಾನೂ ಹಂಗ ಅಂತಿದ್ದೆ" ಎಂದರು. ಅತ್ತೆ ಡಬ್ಬಿಯಲ್ಲಿ ಉಳಿದಿದ್ದ ಹೋಳಿಗೆಯನ್ನೆಲ್ಲ ತಟ್ಟೆಗೆ ಹಾಕಿ, ತುಪ್ಪ ಸುರಿದು, ಅವರು ತಿನ್ನುವವರೆಗೂ ಎದುರಿಗೇ ಕೂತರು. ಆ ಮನುಷ್ಯ ಬೆಳಗಿನಿಂದ ಟೀ ಒಂದು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ತಿಂದ ಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರ ಹೊರಗೆ ಹೋದೆ. ಮೊದಲು ಇಪ್ಪತ್ತರ ವೇಗದಲ್ಲಿ ನಿಲ್ಲಿಸಿ ಎಂದರು. ನಿಂತಿತು. ನಲವತ್ತರಲ್ಲಿ ನಿಲ್ಲಿಸಿ ಎಂದರು. ನಿಂತಿತು. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. "ಅರವತ್ತಕ್ಕ ಹೋಗ್ರಿ" ಎಂದರು. ನಾನು ಅವರ ಮುಖ ನೋಡಿದೆ. "ನಾ ಕುಂತೀನಲ್ರಿ" ಎಂದು ಎರಡೂ ಕೈ ಕಟ್ಟಿಕೊಂಡು ಸೀಟಿಗೆ ಒರಗಿದರು. ಅರವತ್ತಕ್ಕೆ ಹೋಗಿ ತುಳಿದೆ. ಕಾರು ಯಾರೋ ಹಿಂದಿನಿಂದ ಸೊಂಟ ಹಿಡಿದು ತಡೆದ ಹಾಗೆ ನಿಂತುಬಿಟ್ಟಿತು. ಇಬ್ಬರೂ ನಕ್ಕೆವು. ಇನ್ನೊಂದು ಸಲ, ಬೇಕಿಲ್ಲದಿದ್ದರೂ, ಬರೀ ನಿಲ್ಲಿಸುವ ಖುಷಿಗೆ ನಿಲ್ಲಿಸಿದೆ.

ಅತ್ತೆ ಅಕ್ಕನ ಜೊತೆ ಒಂದು ವಾರ ಇರುವುದಾಗಿ ಹೇಳಿದರು. ಹೀಗಾಗಿ ರಾಯದುರ್ಗದವರೆಗೂ ಎರಡನೇ ಸೀಟಿನಲ್ಲಿ ಕೂತದ್ದು ಮೇಸ್ತ್ರಿಯೇ. ಆ ಇಳಿಜಾರು ಈ ಸಲ ಏರಾಗಿ ಬಂತು. ಮಣ್ಣಿನ ಗುಡ್ಡೆಯಲ್ಲಿ ನಮ್ಮ ಕಾರಿನ ಮೂತಿಯ ಗುರುತು ಹಾಗೇ ಇತ್ತು. ಅವರು ಇಳಿದು ಹೋಗಿ ಅದನ್ನು ನೋಡಿ ಬಂದರು. "ಚಲೋ ನಿಲ್ಲಿಸೀರಿ. ನಾನಾಗಿದ್ರೂ ಇದ ಮಾಡ್ತಿದ್ದೆ" ಎಂದರು. ಆ ಎರಡು ದಿನದಲ್ಲಿ ನನ್ನ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ. ಅದನ್ನು ಅವರಿಂದ ಕೇಳಿದ್ದು ನನಗೆ ತುಂಬ ದೊಡ್ಡದಾಗಿತ್ತು.

ಕಲ್ಯಾಣದುರ್ಗದಲ್ಲಿ ಟೀಗೆ ನಿಲ್ಲಿಸಿ ಯಜಮಾನರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು, "ಒಂದು ಎಡವಟ್ಟಾಗೈತಿ" ಎಂದರು. ನಿನ್ನೆ ಸಂಜೆ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಸಿಕ್ಕಿದ್ದರಂತೆ. ಇವರು ನಡೆದದ್ದು ಹೇಳಿದರಂತೆ. ರಿಪೇರಿಗೆ ಬಿಟ್ಟಿದ್ದ ತಮ್ಮ ಕಾರನ್ನು ಮೇಷ್ಟ್ರು ಕೂಡಲೇ ಈ ಮೇಸ್ತ್ರಿಯ ಅಂಗಡಿಯಿಂದ ವಾಪಸ್ ತಂದುಬಿಟ್ಟರಂತೆ. ನಾನು ಮೇಸ್ತ್ರಿಯ ಕಡೆ ತಿರುಗಿದೆ. ಅವರು ಲೋಟ ಹಿಡಿದು, ಹೊರಡಲು ನಿಂತ ಬಸ್ಸುಗಳ ಬೋರ್ಡ್ ಓದುತ್ತಿದ್ದರು. ಅವರಿಗೆ ಅದು ನಿನ್ನೆಯೇ ಗೊತ್ತು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿದ ಹೊತ್ತಿಗೆ ಎದ್ದು ಹೇಳಿದೆ. ಅಟ್ಟದ ಬಾಟಲಿಯಿಂದ ಮಣ್ಣಿನ ಗುಡ್ಡೆಯವರೆಗೆ ಒಂದನ್ನೂ ಬಿಡಲಿಲ್ಲ. ಗಣಿತದ ಮೇಷ್ಟ್ರು ಬಿದ್ದು ಬಿದ್ದು ನಕ್ಕು, "ಮೇಡಂ, ಪಾಠ ಮಾಡೋರೇ ಹಿಂಗಾದ್ರ ಹೆಂಗ್ರಿ?" ಎಂದರು. ನಗಲಿ ಎಂದುಕೊಂಡೆ. ಅದೇ ಸಂಜೆ ಅವರು ತಮ್ಮ ಕಾರನ್ನು ಮತ್ತೆ ಬಳ್ಳಾರಿ ರಸ್ತೆಗೆ ತಂದರು. ನಾನು ಅವರ ಹಿಂದೆಯೇ ನನ್ನ ಕಾರಿನಲ್ಲಿ ಹೋದೆ. ಅವರು ಮೇಸ್ತ್ರಿಯ ಹತ್ತಿರ ಏನು ಹೇಳಿದರೋ ದೂರದಿಂದ ಕೇಳಿಸಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಂಡು ಅವರ ಬಾನೆಟ್ ಎತ್ತಿ, ಸುಮ್ಮನೆ ನೋಡುತ್ತಾ ನಿಂತದ್ದು ಕಾಣಿಸಿತು.

ಮೇಸ್ತ್ರಿಯ ಹೆಂಡತಿ ಹಿಂದಿನ ಮನೆಯಿಂದ ಹೊರಗೆ ಬಂದು, "ನೀವೇ ಏನ್ರಿ ಟೀಚರಮ್ಮ? ಬರ್ರಿ, ಕುಂದ್ರಿ" ಎಂದರು. ಬಯ್ಯುತ್ತಾರೇನೋ ಎಂದು ಅಂಜಿಕೊಂಡೇ ಒಳಗೆ ಹೋದೆ. ಬಯ್ಯಲಿಲ್ಲ. ಮಂಡಕ್ಕಿ ಒಗ್ಗರಣೆ, ಆಗ ತಾನೇ ಕರಿದ ಮಿರ್ಚಿ ತಂದು ಮುಂದಿಟ್ಟರು. "ಇವ್ರು ಶನಿವಾರ ಉಣ್ಣಲಿಲ್ಲರಿ. ನಿನ್ನಿ ರಾತ್ರಿ ಬಂದು ಎರಡು ಸಲ ಅನ್ನ ಹಾಕಿಸ್ಕೊಂಡ್ರು" ಎಂದು ನಗುತ್ತಾ ಹೇಳಿದರು. ನಾನೂ ಆ ತಟ್ಟೆ ಖಾಲಿ ಮಾಡಿ, ಇನ್ನೊಂದು ಸಲ ಹಾಕಿಸಿಕೊಂಡೆ.